ಕುವೈತ್ ಭಾವ ನೆಲದ ಮೇಲೆ ಕೂತ ವರ್ಷ

ಚಿಂತಾಮಣಿಯ ಆ ಗಲ್ಲಿಗೆ ನಾನು ಹೋಗಿ ಎರಡು ವರ್ಷದ ಮೇಲಾಗಿತ್ತು. ಮೊಣಕಾಲು ಮೊದಲಿನಂತಿಲ್ಲ. ಶಿಡ್ಲಘಟ್ಟದಲ್ಲಿ ಬಸ್ಸು ಹತ್ತುವುದೇ ಒಂದು ಕೆಲಸ, ಅಲ್ಲಿ ಇಳಿಯುವುದು ಇನ್ನೊಂದು. ಹೋದ ತಿಂಗಳು ಮನಸ್ಸು ತಡೆಯದೆ ಹೋದೆ. ಅಂಗಡಿ ಇನ್ನೂ ನಾಲ್ಕು ಬಾಗಿಲು ದೂರ ಇರುವಾಗಲೇ ಅಂಟುವಾಳಕಾಯಿಯ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆಯಿಂದ ರೇಷ್ಮೆ ಸೀರೆ ನೆನಪಾಗಬಹುದು, ಹಬ್ಬದ ದಿನದ ಅಭ್ಯಂಜನ ನೆನಪಾಗಬಹುದು. ನಮ್ಮಂಥ ಅಕ್ಕಸಾಲಿಗರಿಗೆ ಅದು ಕೆಲಸ ಮುಗಿದ ವಾಸನೆ. ಒಡವೆಯನ್ನು ಬೆಂಕಿಯಲ್ಲಿ ಕಾಯಿಸಿ, ಹುಣಸೆಹಣ್ಣಿನ ನೀರಿನಲ್ಲಿ ಕುದಿಸಿ, ಕಡೆಗೆ ಅಂಟುವಾಳದ ನೊರೆಯಲ್ಲಿ ಉಜ್ಜಿದರೆ ಆಗ ಅದು ಗಿರಾಕಿಯ ಕೈಗೆ ಹೋಗಲು ಸಿದ್ಧ. ಆದರೆ ನನಗೆ ಆ ವಾಸನೆ ಬಂದಾಗಲೆಲ್ಲ ಒಡವೆ ನೆನಪಾಗುವುದಿಲ್ಲ. ಒಬ್ಬ ಮನುಷ್ಯನ ತಲೆ ನೆನಪಾಗುತ್ತದೆ.

ಆ ತಲೆ ನಮ್ಮ ಸೋದರತ್ತೆಯ ಮಗ ಗಂಗಾಧರಾಚಾರಿಯದು. ನನಗಿಂತ ಐದು ವರ್ಷ ದೊಡ್ಡವನು, ನನಗೆ ಭಾವನಾಗಬೇಕು. ಊರು ತೊಂಡೇಬಾವಿ. ಕಸುಬು ಕಲಿಯಲು ಶಿಡ್ಲಘಟ್ಟಕ್ಕೆ, ನಮ್ಮಪ್ಪನ ಹತ್ತಿರ ಬಂದ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅದೇ ಚಾಪೆಯ ಮೇಲೆ ಅವನ ಪಕ್ಕ ಕೂತೆ. ಶಾಲೆ ಬಿಟ್ಟೆನಲ್ಲ ಎಂದು ನಾನು ಯಾವತ್ತೂ ತಲೆ ತಗ್ಗಿಸಿದವನಲ್ಲ. ನಮ್ಮಪ್ಪನ ಅಂಗಡಿಯಲ್ಲಿ ಒಂದೊಂದು ಪಾಠಕ್ಕೂ ಒಂದೊಂದು ಏಟು ಇತ್ತು, ಹಾಗಾಗಿ ಯಾವುದೂ ಮರೆಯಲಿಲ್ಲ. ಮೊದಲನೇ ಪಾಠ ಬೆಂಕಿಯದಲ್ಲ, ಸುತ್ತಿಗೆಯದೂ ಅಲ್ಲ. ಗಿರಾಕಿಯ ಚಿನ್ನ ಕೈಯಲ್ಲಿರುವಾಗ ಕೈ ತಲೆಗೆ ಹೋಗಬಾರದು. ಅರದಿಂದ ಉಜ್ಜುವಾಗ ಬೀಳುವ ಚಿನ್ನದ ಪುಡಿ ಬೆರಳಿಗೆ ಅಂಟಿಕೊಂಡಿರುತ್ತದೆ. ಆ ಬೆರಳು ಕೂದಲಿಗೆ ಹೋದರೆ ಪುಡಿ ಎಣ್ಣೆಗೆ ಹಿಡಿಯುತ್ತದೆ. ಮನೆಗೆ ಹೋಗಿ ತಲೆ ತೊಳೆದು ಆ ನೀರನ್ನು ಸೋಸಿದರೆ ಚಿನ್ನ ಸಿಗುತ್ತದೆ. ಹಾಗೆ ಬದುಕಿದವರೂ ಇದ್ದರಂತೆ. ಅದಕ್ಕೇ ನಮ್ಮ ಕಡೆಯ ಹೆಂಗಸರು ಒಡವೆ ಮಾಡಿಸುವಾಗ ಎದುರಿಗೇ ಕೂತು ಆಚಾರಿಯ ಕೈಯನ್ನಲ್ಲ, ತಲೆಯನ್ನು ಕಾಯುತ್ತಾರೆ. ತಲೆ ಎಷ್ಟೇ ಕೆರೆದರೂ ನಾವು ತಡೆದುಕೊಂಡು ಕೂರಬೇಕು.

ಭಾವನ ಕೈ ಎಂಥದೆಂದರೆ, ಹರಳು ಕೂರಿಸುವುದರಲ್ಲಿ ನಮ್ಮಪ್ಪನೂ ಅವನಿಗೆ ಸರಿಸಾಟಿಯಾಗಿರಲಿಲ್ಲ. ಅಲೀಪುರದ ಹರಳು ವ್ಯಾಪಾರಿ ಬಾಖರ್ ಸಾಹೇಬರು ಉಂಗುರದ ಕೆಲಸಕ್ಕೆಂದು ನಮ್ಮಲ್ಲಿಗೆ ಬರುತ್ತಿದ್ದರು. ಒಂದು ದಿನ ಭಾವ ಕೂರಿಸಿದ ಹರಳನ್ನು ಬಿಸಿಲಿಗೆ ಹಿಡಿದು ನೋಡಿ, "ಈ ಕೈಗೆ ಶಿಡ್ಲಘಟ್ಟ ಸಾಲಲ್ಲ ಆಚಾರ್ರೆ. ನಮ್ಮ ತಮ್ಮ ಕುವೈತ್‌ನಲ್ಲಿದ್ದಾನೆ. ಕಳಿಸಿಕೊಡಿ" ಎಂದರು. ಎಂಬತ್ತರ ಆಸುಪಾಸು ಅದು. ನಮ್ಮಪ್ಪ ಒಂದು ವಾರ ಮಾತು ಬಿಟ್ಟರು, ಆಮೇಲೆ ತಾವೇ ಬೆಂಗಳೂರಿಗೆ ಹೋಗಿ ಬಿಟ್ಟು ಬಂದರು.

ಮುಂದಿನದು ಕಾಗದಗಳಲ್ಲಿ ಬಂದ ಸುದ್ದಿ. ಮೊದಲು ಯಾರದೋ ಅಂಗಡಿಯಲ್ಲಿ ಕೆಲಸ. ಆಮೇಲೆ ಸ್ವಂತ ವರ್ಕ್‌ಶಾಪು. ಆಮೇಲೆ ಇಪ್ಪತ್ತು ಜನ ಕೆಲಸದವರು. ಆಮೇಲೆ ಗಾಜಿನ ಬಾಗಿಲಿನ ಒಂದು ಅಂಗಡಿ, ಅದರ ಎದುರಿಗೇ ಇನ್ನೊಂದು. ಎಂಬತ್ತಾರರಲ್ಲಿ ಊರಿಗೆ ಬಂದಾಗ ಬಾಡಿಗೆಯ ಅಂಬಾಸಿಡರ್ ನಮ್ಮ ಓಣಿಯಲ್ಲಿ ಹಿಡಿಸದೆ ರೇಷ್ಮೆಗೂಡಿನ ಮಾರ್ಕೆಟ್ಟಿನ ಹತ್ತಿರವೇ ನಿಂತಿತು. ಅಲ್ಲಿಂದ ನಡೆದು ಬಂದ ಭಾವನ ಹಿಂದೆ ಅರ್ಧ ಊರು. ನಮ್ಮಮ್ಮನಿಗೆ ಸೀರೆ, ನಮ್ಮಪ್ಪನಿಗೆ ಟಾರ್ಚು, ನನಗೊಂದು ಗಡಿಯಾರ. ಮೈತುಂಬ ಸೆಂಟು. ತಲೆತುಂಬ ಕೂದಲು, ಹಿಂದಕ್ಕೆ ಬಾಚಿದ್ದು, ಮಾತಿಗೊಮ್ಮೆ ಅದರಲ್ಲಿ ಕೈಯಾಡಿಸುತ್ತಿದ್ದ. ಚಾಪೆಯ ಮೇಲೆ ಕೂರಲಿಲ್ಲ.

"ಕಾಲು ಮಡಚೋಕೆ ಆಗಲ್ಲ ಕಣೋ ಭದ್ರ, ಅಭ್ಯಾಸ ತಪ್ಪೋಗೈತೆ" ಎಂದು ಪಕ್ಕದ ಮನೆಯಿಂದ ಕುರ್ಚಿ ತರಿಸಿಕೊಂಡ. ನಾನು ಊದುಗೊಳವೆಯಲ್ಲಿ ಬೆಂಕಿ ಊದುತ್ತಿದ್ದೆ. ನೋಡಿ ನಕ್ಕ.

"ಇನ್ನೂ ಊದ್ತಾನೇ ಇದ್ದೀಯಾ? ನಮ್ಮಲ್ಲಿ ಎಲ್ಲಾ ಗ್ಯಾಸು. ಬಾ ನನ್ನ ಜೊತೆ. ಮೇಸ್ತ್ರಿ ಮಾಡ್ತೀನಿ."

"ನನ್ನ ಕುಲುಮೆಗೆ ನಾನೇ ಮೇಸ್ತ್ರಿ, ಭಾವ" ಎಂದೆ.

"ಮಾವನ ಕೊಬ್ಬೆಲ್ಲಾ ನಿಂಗೇ ಬಂದೈತೆ" ಎಂದು ಎದ್ದು ಹೋದ. ಅವನು ಹೋದ ಮೇಲೂ ಆ ಕುರ್ಚಿ ಎರಡು ದಿನ ಅಂಗಡಿಯಲ್ಲೇ ಇತ್ತು. ನಾನು ಅದರ ಮೇಲೆ ಕೂರಲಿಲ್ಲ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತೆಂದು ರೇಡಿಯೋದಲ್ಲಿ ಕೇಳಿದೆವು. ಸುಳ್ಳು ಬರೆಯಲಾರೆ. ಭಾವನ ಅಂಗಡಿಗಳ ಗತಿ ಏನಾಗಿರಬಹುದು ಎಂದು ಯೋಚಿಸಿದಾಗ ನನಗೆ ಮೊದಲು ಆದದ್ದು ಸಂಕಟವಲ್ಲ. ಒಂದು ಕ್ಷಣ, ಒಂದೇ ಕ್ಷಣ, ನಾನು ಹೋಗದೆ ಇದ್ದದ್ದು ಸರಿಯಾಯಿತು ಎನಿಸಿ ಒಳಗೊಳಗೇ ಹಿಗ್ಗಿದೆ. ನಮ್ಮಪ್ಪ ಆಗಲೇ ತೀರಿಕೊಂಡಿದ್ದರು. ಅವರಿದ್ದಿದ್ದರೆ ನನ್ನ ಮುಖ ನೋಡಿಯೇ ಅದನ್ನು ಹಿಡಿದುಬಿಡುತ್ತಿದ್ದರು.

ಎರಡು ತಿಂಗಳು ಭಾವನ ಸುಳಿವಿಲ್ಲ. ದಸರಾ ಕಳೆದ ಮೇಲೆ, ಜಿಟಿಜಿಟಿ ಮಳೆಯ ಒಂದು ಮಧ್ಯಾಹ್ನ, ಚಿಕ್ಕಬಳ್ಳಾಪುರದ ಬಸ್ಸಿನಿಂದ ಇಳಿದು ಅವನು ನೇರ ನಮ್ಮ ಅಂಗಡಿಗೆ ಬಂದ. ಕೈಯಲ್ಲಿ ಒಂದು ಬ್ಯಾಗು, ಜೇಬಿನಲ್ಲಿ ಒಂದು ಕಪ್ಪು ಕನ್ನಡಕ. ತೊಂಡೇಬಾವಿಗೆ ಬಂದು ಹೆಂಡತಿ, ಮಗಳನ್ನು ಸೇರಿ ಮೂರು ದಿನವಾಗಿತ್ತಂತೆ. ಅಲ್ಲಿ ಮನೆ ಮುಂದೆ ಜನ ಬಂದು ಬಂದು ನೋಡುವುದನ್ನು ತಡೆಯಲಾರದೆ ಹೊರಟು ಬಂದಿದ್ದ. ನಾನು ಕುರ್ಚಿಗೆ ಹೇಳಿಕಳಿಸಲು ಹೊರಟೆ.

"ಬೇಡ ಕಣೋ" ಎಂದು ಚಾಪೆಯ ಮೇಲೆ ಕೂತ. ಕಾಲು ಮಡಚಲು ಒಂದು ಕೈ ಗೋಡೆಗೆ ಊರಬೇಕಾಯಿತು.

ಜೇಬಿನಿಂದ ಒಂದು ಕೀಗೊಂಚಲು ತೆಗೆದು ನನ್ನ ಮುಂದಿಟ್ಟ. "ಎರಡಂಗಡಿಗೂ ನಾನೇ ಕೈಯಾರ ಬೀಗ ಹಾಕಿದ್ದೆ. ಮೂರನೇ ದಿನ ಹೋಗಿ ನೋಡಿದ್ರೆ ಬಾಗಿಲೇ ಇಲ್ಲ. ಒಳಗೆ ಒಂದು ಮೂಗುಬೊಟ್ಟೂ ಇಲ್ಲ. ಬೀದೀಲಿ ನಿಂತ್ಕೊಂಡಿದ್ದೀನಿ, ಕೀ ಮಾತ್ರ ಕೈಯಾಗೈತೆ." ಆಮೇಲೆ ಮರಳುಗಾಡಿನ ಡೇರೆಗಳು, ನೀರಿಗೆ ಸಾಲು, ಅಮ್ಮಾನಿನಿಂದ ವಿಮಾನ, ಬೊಂಬಾಯಿಯಲ್ಲಿ ಯಾರೋ ಕೊಟ್ಟ ಪೂರಿಪಲ್ಯ. ಅವನು ಎಲ್ಲವನ್ನೂ ಬೇರೆ ಯಾರಿಗೋ ಆದಂತೆ ಹೇಳಿದ. ಹೇಳಿ ಮುಗಿಸಿ, "ಕೆಲಸ ಐತೇನೋ?" ಎಂದ.

"ನನ್ನದೇ ಅಂಗಡಿ ಭಾವ, ಕೇಳೋದೇನು" ಎಂದೆ. ಆ ಮಾತು ಆಡುವಾಗ ನನ್ನ ದನಿ ಸ್ವಲ್ಪ ದೊಡ್ಡದಾಗಿತ್ತು ಎಂಬುದು ನನಗೆ ಆಗಲೇ ಗೊತ್ತಾಯಿತು. ಅವನು ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವನಂತೆ ಕೀಗೊಂಚಲನ್ನು ಗೋಡೆಯ ಮೊಳೆಗೆ ನೇತುಹಾಕಿದ.

ಹಾಗೆ ಭಾವ ನಮ್ಮ ಮನೆಯಲ್ಲೇ ಉಳಿದ. ಎಂಟು ದಿನಕ್ಕೊಮ್ಮೆ ತೊಂಡೇಬಾವಿಗೆ ಹೋಗಿ ಬರುತ್ತಿದ್ದ. ಊದುಗೊಳವೆ ಹಿಡಿದ ಮೊದಲ ದಿನ ಕೆನ್ನೆ ನೋವೆಂದು ಊಟ ಬಿಟ್ಟ. ಹದಿನೈದು ದಿನದಲ್ಲಿ ಉಸಿರು ಮರಳಿತು. ಒಂದು ತಿಂಗಳಲ್ಲಿ ಕೈ ಮರಳಿತು. ಮರಳದೆ ಇದ್ದದ್ದು ಜನ.

ಟೀ ಅಂಗಡಿಯಲ್ಲಿ ಎರಡು ಗುಂಪಾಗಿತ್ತು. ಒಂದು ಗುಂಪು, "ಸುಮ್ನೆ ನಾಟ್ಕ ಕಣ್ರಿ. ಕೇಜಿಗಟ್ಲೆ ಎಲ್ಲೋ ಹೂತಿಟ್ಟು ಬಂದವ್ನೆ" ಎನ್ನುತ್ತಿತ್ತು. ಇನ್ನೊಂದು, "ಇಲ್ಲಪ್ಪ, ಪೂರ್ತಿ ಬರಿಗೈ. ಅಂಥವ್ನ ಮುಂದೆ ಚಿನ್ನ ಇಟ್ರೆ ಮನಸ್ಸು ಕೆಡಲ್ವಾ?" ಎನ್ನುತ್ತಿತ್ತು. ಎರಡರ ಫಲವೂ ಒಂದೇ. ಗಿರಾಕಿಗಳು ಒಡವೆ ಬಿಚ್ಚುವ ಮೊದಲು ನನ್ನ ಕಿವಿಯ ಹತ್ತಿರ ಬಾಗಿ, "ನೀವೇ ಮುಟ್ತೀರಲ್ವಾ ಆಚಾರ್ರೆ?" ಎಂದು ಕೇಳುತ್ತಿದ್ದರು. ಅವನಿಗೆ ಕೇಳಿಸುತ್ತಿತ್ತು. ಎದ್ದು ಹಿತ್ತಲಿಗೆ ಹೋಗಿ ಇದ್ದಿಲು ಒಡೆಯುತ್ತಿದ್ದ. ಎರಡು ಅಂಗಡಿ ಆಳಿದ ಮನುಷ್ಯ ಆ ಚಳಿಗಾಲವೆಲ್ಲ ನನ್ನ ಹಿತ್ತಲಿನಲ್ಲಿ ಬೆಳ್ಳಿ ಕಾಲುಂಗುರಕ್ಕೆ ಬೆಸುಗೆ ಹಾಕಿದ, ನಾನು ಮಾಡಿದ ಒಡವೆ ತೊಳೆದ. ಚಿನ್ನ ಅವನ ಕೈಗೆ ಬರುತ್ತಿದ್ದದ್ದು ತೊಳೆಯುವುದಕ್ಕೆ ಮಾತ್ರ.

ಒಂದು ದಿನ ಅಂಟುವಾಳಕಾಯಿ ಜಜ್ಜುತ್ತ ಅವನೇ ಹೇಳಿದ. "ಹೋದದ್ದು ಹೋಯ್ತು ಭದ್ರ, ಅದಕ್ಕೆ ಅಳಲ್ಲ. ಯಾರಾದ್ರೂ ಒಬ್ರು ನನ್ನೆದುರು ಕೂತು ತಮ್ಮ ಚಿನ್ನ ನನ್ ಕೈಗೆ ಕೊಟ್ರೆ ಸಾಕು, ನಾನು ಮತ್ತೆ ಆಚಾರಿ ಆಗ್ತೀನಿ. ಇಲ್ಲಾಂದ್ರೆ ಫಾಗುಣ ಕಳೀಲಿ, ಬೆಂಗಳೂರಲ್ಲಿ ಯಾರದಾದ್ರೂ ಅಂಗಡಿ ಬಾಗಿಲು ಕಾಯೋಕೆ ಹೋಗ್ತೀನಿ." ಅವನು ತಮಾಷೆಗೆ ಹೇಳುತ್ತಿಲ್ಲ ಎಂಬುದು ಜಜ್ಜುವ ಕಲ್ಲಿನ ಸದ್ದಿನಲ್ಲೇ ಗೊತ್ತಾಗುತ್ತಿತ್ತು.

ಮಾಘಮಾಸ ಬಂತು. ಬೆಳಗಿನ ಮಂಜು, ಹತ್ತು ಗಂಟೆಗೆ ಸುಡುವ ಬಿಸಿಲು, ಓಣಿಯಲ್ಲೆಲ್ಲ ಗೂಡು ಬೇಯುವ ವಾಸನೆ, ದಿನಕ್ಕೊಂದು ಮದುವೆ. ಆ ಭರಾಟೆಯಲ್ಲೇ ಊರಿಗೆ ಮದ್ರಾಸ್ ಐ ಬಂತು. ಮೊದಲು ಪೋಸ್ಟ್‌ಮನ್ನಿಗೆ, ಆಮೇಲೆ ಗೂಡಿನ ಮಾರ್ಕೆಟ್ಟಿಗೆ, ಆಮೇಲೆ ನನಗೆ. ಬೆಳಿಗ್ಗೆ ಎದ್ದರೆ ರೆಪ್ಪೆ ಅಂಟಿಕೊಂಡು ಬಿಡಿಸಲಾಗದು. ಬೆಂಕಿಯ ಮುಂದೆ ಕೂರುವ ಮಾತೇ ಇಲ್ಲ. ಅವತ್ತೇ ಸಾದಲಿಯ ನಂಜಮ್ಮ ತಾಳಿ ಮಾಡಿಸಲು ಬಂದಳು.

ನಂಜಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ಗಂಡ ಹೋದ ಮೇಲೆ ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಮೂರು ಮಕ್ಕಳನ್ನು ದಡ ಮುಟ್ಟಿಸಿದ ಹೆಂಗಸು. ಯಾವ ಹುಳು ಗೂಡು ಕಟ್ಟಲು ಹಣ್ಣಾಗಿದೆ, ಯಾವುದು ಇನ್ನೂ ಕಾಯಿ ಎಂದು ನೋಡಿ ನೋಡಿ ಅವಳ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ. ಬಾಯಿಯೂ ಹಾಗೆಯೇ. ಮೊಮ್ಮಗಳ ಮದುವೆ ನಾಲ್ಕು ದಿನವಿತ್ತು. ನಮ್ಮ ಕಡೆ ತಾಳಿಯನ್ನು ಕೊಳ್ಳುವುದಿಲ್ಲ, ಮನೆಯ ಚಿನ್ನ ಕರಗಿಸಿ ಮಾಡಿಸುತ್ತಾರೆ, ಅದಕ್ಕೆ ಗಳಿಗೆ ನೋಡಿಕೊಂಡೇ ಬರುತ್ತಾರೆ. ಅವಳು ಎಲೆ, ಅಡಿಕೆ, ಅಕ್ಕಿ, ಬೆಲ್ಲದ ತಟ್ಟೆಯ ಮೇಲೆ ತನ್ನ ಹಳೆಯ ಓಲೆಗಳನ್ನಿಟ್ಟುಕೊಂಡು ಬಂದಿದ್ದಳು.

ನನ್ನ ಕಣ್ಣು ನೋಡಿ, "ಅಯ್ಯೋ ದೇವುಡಾ! ಏನಪ್ಪಾ ಇದು, ಟೊಮೇಟೊ ಆಗೈತೆ? ನನ್ ಮೊಮ್ಮಗಳ ತಾಳೀನ ಮುಟ್ಬೇಡ ನೀನು!" ಎಂದಳು.

"ಭಾವ ಮಾಡ್ತಾನೆ, ನಂಜಮ್ಮ. ನನಗಿಂತ ಒಳ್ಳೇ ಕೈ. ನನ್ನ ಅಂಗಡಿ, ನನ್ನ ಜವಾಬ್ದಾರಿ" ಎಂದೆ.

ಅವಳು ಹಿತ್ತಲ ಬಾಗಿಲಲ್ಲಿ ನಿಂತಿದ್ದ ಭಾವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಗಳಿಗೆ ಮೀರುತ್ತಿತ್ತು. "ಕುವೈತ್ ಆಚಾರ್ರೇನು? ನೆಲದ ಮೇಲೆ ಕೂರಕ್ಕೆ ಬತ್ತದಾ?"

"ಬತ್ತದಮ್ಮ" ಎಂದು ಭಾವ ಕೂತ. ಈ ಸಲ ಗೋಡೆ ಹಿಡಿಯಲಿಲ್ಲ.

ನಾನು ಅವನದೇ ಕಪ್ಪು ಕನ್ನಡಕ ಹಾಕಿಕೊಂಡು ಮೂಲೆಯಲ್ಲಿ ಕೂತೆ. ಓಲೆ ಕರಗಿ ಮೂಸೆಯಲ್ಲಿ ಸೂರ್ಯನ ಹಾಗೆ ತಿರುಗಿತು. ತಗಡು ಬಡಿದ, ತಾಳಿಯ ಎರಡು ಬೊಟ್ಟು ಕತ್ತರಿಸಿದ, ಗುಂಡಗೆ ಉಬ್ಬಿಸಿದ, ದಾರ ಪೋಣಿಸುವ ಬಳೆ ಬೆಸೆದ. ನಮ್ಮಪ್ಪನ ಕೈಯನ್ನೇ ನೋಡಿದಂತಾಯಿತು. ನಂಜಮ್ಮ ನೀರಿಗೂ ಏಳಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಅರ ಹಿಡಿದು ಅಂಚು ಉಜ್ಜತೊಡಗಿದ. ಪುಡಿ ಮಡಿಲಿಗೆ ಹಾಸಿಕೊಂಡ ತೊಗಲಿನ ಮೇಲೆ ಬೀಳುತ್ತಿತ್ತು. ಎರಡು ಬೊಟ್ಟೂ ಮುಗಿಯಿತು. ಬೆಳಕಿಗೆ ಹಿಡಿದು ನೋಡಿದ. ಎಷ್ಟು ತಿಂಗಳ ಮೇಲೋ ಮುಖದಲ್ಲಿ ಒಂದು ನಗು ಬಂತು, ಬಂದದ್ದೇ ಅವನ ಬಲಗೈ ತಾನಾಗಿ ಮೇಲೆ ಹೋಗಿ, ಅಂಬಾಸಿಡರಿನಿಂದ ಇಳಿದ ದಿನದ ಹಾಗೆ, ಕೂದಲಲ್ಲಿ ಆಡಿತು.

"ತಲೆ ಮುಟ್ಟಿದೆ" ಎಂದಳು ನಂಜಮ್ಮ.

ಕೂಗಲಿಲ್ಲ. ಅಷ್ಟೇ ಹೇಳಿದಳು. ಭಾವನ ಕೈ ಮೇಲೇ ನಿಂತುಬಿಟ್ಟಿತು. ಪಕ್ಕದ ಅಂಗಡಿಯವನು ಬಾಗಿಲಲ್ಲಿ ಇಣುಕಿದ. ಇನ್ನರ್ಧ ಗಂಟೆಯಲ್ಲಿ ಟೀ ಅಂಗಡಿಗೆ, ಸಂಜೆಯೊಳಗೆ ಸಾದಲಿಗೆ, ನಾಳೆ ಚಿಂತಾಮಣಿಗೆ ಸುದ್ದಿ ಹೋಗುತ್ತದೆಂದು ನನಗೆ ಗೊತ್ತಿತ್ತು. ಭಾವನ ಹೆಸರು ಮುಗಿಯಿತು, ಅದರ ಜೊತೆ ನನ್ನ ಅಂಗಡಿಯದೂ. ನಾನು ಎದ್ದು, "ನಂಜಮ್ಮ, ಬೇಕಂತ ಮಾಡಿದ್ದಲ್ಲ, ತೂಕ ನೋಡಣ..." ಎಂದು ಏನೋ ಶುರುಮಾಡಿದೆ.

"ಸುಮ್ನಿರು ಭದ್ರ" ಎಂದ ಭಾವ. "ಅಮ್ಮ ಹೇಳಿದ್ದು ಸರಿ. ಮುಟ್ಟಿದ್ದೀನಿ."

ಕೈ ಕೆಳಗಿಳಿಸಿ, ಎರಡೂ ಅಂಗೈ ಎಲ್ಲಿಗೂ ತಾಕದಂತೆ ಹಿಡಿದುಕೊಂಡು ಎದ್ದ. "ಹಿತ್ತಾಳೆ ಬೋಗುಣಿ ತಗೊಂಬಾ. ಅಂಟುವಾಳದ ನೀರು ತಗೊಂಬಾ. ಬೀದಿಗೇ ತಾ, ಒಳಗೆ ಬೇಡ."

ಬೀದಿಯಲ್ಲಿ, ಎಲ್ಲರ ಕಣ್ಣೆದುರು, ಅಂಗಿ ಬಿಚ್ಚಿ ಬೋಗುಣಿಯ ಮುಂದೆ ಮಂಡಿಯೂರಿ ತಲೆ ಬಗ್ಗಿಸಿದ. "ಹುಯ್ಯೋ" ಎಂದ. ನಾನು ಹುಯ್ದೆ. ಅವನು ಮೊದಲು ಕೈ ತೊಳೆದ, ಆಮೇಲೆ ತಲೆ ಉಜ್ಜಿಕೊಂಡ. ಒಂದು ಹನಿ ನೀರೂ ಬೋಗುಣಿಯ ಆಚೆ ಬೀಳದ ಹಾಗೆ ನಿಧಾನವಾಗಿ ತೊಳೆದುಕೊಂಡ. ನೊರೆ ಅವನ ಕಣ್ಣಿಗೆ ಹೋಗುತ್ತಿತ್ತು. ನನ್ನ ಕಣ್ಣಲ್ಲಿ ಮೊದಲೇ ನೀರಿತ್ತು, ಮದ್ರಾಸ್ ಐ ಎಂದು ಯಾರೂ ಗಮನಿಸಲಿಲ್ಲ. ನಂಜಮ್ಮ ಹೊಸ್ತಿಲ ಮೇಲೆ ನಿಂತು, ತಾಳಿಯ ತಟ್ಟೆ ಹಿಡಿದುಕೊಂಡು, ರೆಪ್ಪೆ ಹೊಡೆಯದೆ ನೋಡುತ್ತಿದ್ದಳು.

ನೀರು ತಿಳಿಯಾಗಲು ಬಿಟ್ಟು ಎಲ್ಲರೂ ಕಾದೆವು. ಬಿಸಿಲಿಗೆ ಭಾವನ ತಲೆ ಒಣಗಿತು. ಮೇಲಿನ ನೀರನ್ನು ಮೆಲ್ಲಗೆ ಬಸಿದು, ತಳದ ಕೊಳೆಯನ್ನು ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನೇ ಮೂಸೆಗೆ ಹಾಕಿ ಬಿಳಿಗಾರ ಉದುರಿಸಿ ಊದಿದ. ಬಟ್ಟೆ ಸುಟ್ಟು ಕಪ್ಪಾಯಿತು, ಆಮೇಲೆ ಕೆಂಪಾಯಿತು. ನಾನು ಏನೂ ಬಾರದೆ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬಂತು. ಮೂಸೆ ತಣಿಸಿ ಬಗ್ಗಿಸಿದಾಗ ಅವನ ಅಂಗೈ ಮೇಲೆ ಸಾಸಿವೆಯ ಕಾಲು ಭಾಗದಷ್ಟು ಚಿನ್ನ ಮಿನುಗಿತು.

ಅವನು ಅದನ್ನು ನಂಜಮ್ಮನ ಮುಂದೆ ಹಿಡಿದ. "ಬಂದೈತಮ್ಮ. ಇಷ್ಟು."

ಅವಳು ಬಗ್ಗಿ ನೋಡಿದಳು. ಹುಳುವಿನ ಮೊಟ್ಟೆ ನೋಡುವ ಹಾಗೆ ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿ, "ಇದು ನನ್ ಓಲೆದಾ, ಇಲ್ಲಾ ನೀನು ಕುವೈತಿಂದ ಮುಚ್ಚಿಟ್ಕೊಂಡು ಬಂದೆ ಅಂತಾರಲ್ಲ, ಆ ಗಂಟಾ?" ಎಂದಳು.

ಪಕ್ಕದ ಅಂಗಡಿಯವನು ಮೊದಲು ನಕ್ಕ. ಆಮೇಲೆ ಬೀದಿಯೇ ನಕ್ಕಿತು. ಭಾವ ನಗಲಿಲ್ಲ, ಅಳಲೂ ಇಲ್ಲ. "ನಿಮ್ಮದೇ ಅಮ್ಮ" ಎಂದ.

"ನನ್ನದಾದ್ರೆ ನನ್ ತಾಳಿಗೆ ಹಾಕು. ನಿಂತ್ಕೊಂಡು ಏನ್ ನೋಡ್ತಿ? ನಂಗೆ ನಾಕೂವರೆ ಬಸ್ಸೈತೆ."

ಅವನು ಅದನ್ನು ಬೊಟ್ಟಿನ ಬಳೆಯ ಬುಡಕ್ಕೆ ಬೆಸೆದ. ತೊಳೆದು, ಅರಿಸಿನ ಹಚ್ಚಿ, ತಟ್ಟೆಯಲ್ಲಿಟ್ಟ. ನಂಜಮ್ಮ ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲಿಳಿದವಳು ತಿರುಗಿ ನಿಂತಳು. "ಬರೋ ತಿಂಗಳು ನನ್ ಸೊಸೆ ಸರ ತತ್ತಾಳೆ. ನೀನೇ ಮಾಡ್ಕೊಡು. ಆದ್ರೆ ಒಂದ್ ಮಾತು, ಆ ಜುಟ್ಟು ಬೋಳಿಸ್ಕೊಂಡು ಕೂತ್ಕೋ ನಾಯ್ನಾ. ದಿನಾ ನಿನ್ ತಲೆ ತೊಳ್ಯೋದ್ ನೋಡ್ತಾ ಕೂತ್ರೆ ನನ್ ಹುಳಕ್ಕೆ ಸೊಪ್ಪು ಹಾಕೋರ್ಯಾರು?"

ಅವಳು ತಮಾಷೆಗೆ ಅಂದಳು. ಭಾವ ಮಾರನೆಯ ಬೆಳಿಗ್ಗೆ ಕ್ಷೌರದ ಅಂಗಡಿಗೆ ಹೋಗಿ ಬಂದ. ನುಣ್ಣನೆಯ ತಲೆ ನೋಡಿ ನನ್ನ ಹೆಂಡತಿ ಹೆದರಿ, "ಅಯ್ಯೋ ಅಣ್ಣಾ, ಏನಾಯ್ತು?" ಎಂದಳು. "ಕೆಲಸ ಸಿಕ್ತು ಕಣಮ್ಮ" ಎಂದ.

ಫಾಲ್ಗುಣ ಕಳೆಯುವಷ್ಟರಲ್ಲಿ ಜನ ನನ್ನ ಕಿವಿಯ ಹತ್ತಿರ ಬಾಗಿ, "ಆ ಬೋಳುತಲೆ ಆಚಾರ್ರು ಇಲ್ವಾ?" ಎಂದು ಕೇಳುವಂತಾಯಿತು. ನನಗೆ ಸ್ವಲ್ಪ ಚುರುಕ್ಕೆಂದಿತು ಎಂಬುದೂ ನಿಜ. ಯುಗಾದಿಯ ನಂತರ ಅವನು ನನ್ನ ಗೋಡೆಯ ಮೇಲಿದ್ದ ಕೀಗೊಂಚಲು ಜೇಬಿಗಿಳಿಸಿ, ಹೆಂಡತಿ, ಮಗಳನ್ನು ಕರೆದುಕೊಂಡು ಚಿಂತಾಮಣಿಗೆ ಹೋಗಿ ಸಣ್ಣದೊಂದು ಅಂಗಡಿ ಹಾಕಿದ. ಗಾಜಿನ ಬಾಗಿಲಿಲ್ಲ, ಬೋರ್ಡೂ ಇಲ್ಲ. ಒಂದು ಚಾಪೆ, ಒಂದು ಕುಲುಮೆ. ಕುವೈತಿನಲ್ಲಿ ಎಲ್ಲ ಸರಿಹೋಯಿತು, ವಾಪಸು ಬಾ ಎಂದು ಬಾಖರ್ ಸಾಹೇಬರ ತಮ್ಮ ಎರಡು ಸಲ ಕಾಗದ ಬರೆದರು. ಇವನು ಹೋಗಲಿಲ್ಲ. ಕೂದಲನ್ನೂ ಮತ್ತೆ ಬಿಡಲಿಲ್ಲ. ದಾರಿಯಲ್ಲಿ ಯಾರಾದರೂ, "ಏನ್ ಆಚಾರ್ರೆ, ತಿರುಪತಿಗೆ ಹೋಗಿದ್ರಾ?" ಎಂದರೆ, "ಇಲ್ಲಪ್ಪ, ಸಾದಲಿ ದೇವ್ರಿಗೆ ಕೊಟ್ಟಿದ್ದು" ಎನ್ನುತ್ತಿದ್ದ.

ಹೋದ ತಿಂಗಳು ನಾನು ಮೆಟ್ಟಿಲು ಹತ್ತಿದಾಗ ಯಾವುದೋ ಹುಡುಗಿಯ ಮನೆಯವರು ತಾಳಿ ಮಾಡಿಸುತ್ತ ಎದುರಿಗೆ ಕೂತಿದ್ದರು. ಭಾವನಿಗೆ ಈಗ ಎಪ್ಪತ್ತು ದಾಟಿದೆ, ಕೈ ಸ್ವಲ್ಪ ನಡುಗುತ್ತದೆ, ಆದರೆ ಅರ ಹಿಡಿದಾಗ ನಡುಗುವುದಿಲ್ಲ. "ಬಾರೋ ಭದ್ರ, ಕೂತ್ಕೊ" ಎಂದ, ತಲೆ ಎತ್ತದೆ. ನನ್ನ ಕಾಲು ಮಡಚದು. ಕೂರಲು ನಾನು ಗೋಡೆ ಹಿಡಿಯಬೇಕಾಯಿತು. ಅವನು ಅದನ್ನು ನೋಡಿದ.

ಬಿಸಿಲು ಒಳಗೆ ಬರುತ್ತಿತ್ತು. ಅವನ ಬೋಳುನೆತ್ತಿಯ ಮೇಲೆ ಬೆವರು ಮೂಡಿ ಕೆರೆತ ಹತ್ತಿರಬೇಕು. ಅರ ಕೆಳಗಿಟ್ಟ. ಕೈ ತಲೆಗೆ ಹೋಗಲಿಲ್ಲ. ಪಕ್ಕದ ಮೊಳೆಗೆ ನೇತುಹಾಕಿದ್ದ ಹಳೆಯ ಕೀಗೊಂಚಲು ತೆಗೆದುಕೊಂಡು, ಅದರಲ್ಲಿ ಎಲ್ಲಕ್ಕಿಂತ ಉದ್ದನೆಯ ಕೀಲಿಯಿಂದ, ಗಾಜಿನ ಬಾಗಿಲಿನ ಆ ಅಂಗಡಿಯ ಕೀಲಿಯಿಂದ, ನೆತ್ತಿಯನ್ನು ನಿಧಾನವಾಗಿ ಕೆರೆದುಕೊಂಡ. ಆಮೇಲೆ ಅದನ್ನು ಮತ್ತೆ ಮೊಳೆಗೆ ಹಾಕಿ ಕೆಲಸಕ್ಕೆ ಬಗ್ಗಿದ.